ಕರೆಂಟು ಬರುವತನಕ

ರಾಣೆಬೆನ್ನೂರಿನ ಆ ಚಿಕ್ಕ ಡಯಾಲಿಸಿಸ್ ಕೇಂದ್ರದಲ್ಲಿ ನಟ್ಟನಡು ಹಗಲಲ್ಲಿ ಕರೆಂಟು ಹೋಯಿತು. ಎರಡು ಯಂತ್ರಗಳೂ ಒಮ್ಮೆ ಕಿರುಚಿ ಸುಮ್ಮನಾದವು. ಅವುಗಳೊಳಗಿನ ಬ್ಯಾಟರಿಗಳು ಎಂದೋ ಸತ್ತಿದ್ದವು. ನರ್ಸ್ ದೀಪಿಕಾ ಹಿತ್ತಲಿನ ಜನರೇಟರಿಗೆ ಕಿವಿಗೊಟ್ಟಳು. ಅದು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಕೊಳವೆಗಳಲ್ಲಿ ಇಬ್ಬರ ರಕ್ತ ಸಿಕ್ಕಿಕೊಂಡಿತ್ತು. ಒಂದು ಮಂಚದಲ್ಲಿ ಎಳೆ ಕೂಸಿನ ತಾಯಿ ಗಂಗಾ, ಇನ್ನೊಂದರಲ್ಲಿ ಮೇಡ್ಲೇರಿಯ ಮುದುಕ ಲಕ್ಷ್ಮಪ್ಪ. ಹೆಪ್ಪುಗಟ್ಟುವ ಮೊದಲೇ ಯಂತ್ರದ ಪಂಪನ್ನು ಕೈಯಿಂದ ತಿರುಗಿಸಿ ಆ ರಕ್ತವನ್ನು ಮೈಗೆ ಮರಳಿಸಬೇಕಿತ್ತು.

"ಮುಸ್ತಾಕ್, ಅಜ್ಜಾರ ಮಷೀನಿನ ಹಿಡಿಕಿ ತಗೊಂಡು ತಿರುಗಸು, ಲಗೂ!"

"ಯಾವ ಹಿಡಿಕಿರಿ ಅಕ್ಕಾರ?" ಹೊಸದಾಗಿ ಸೇರಿದ್ದ ಟೆಕ್ನಿಶಿಯನ್ ಮುಸ್ತಾಕ್ ಯಂತ್ರದ ಸುತ್ತ ತಡಕಾಡಿದ. "ನನಗ ಯಾರೂ ಕಲಿಸಿಲ್ರಿ."

ಅವನದೇನು ತಪ್ಪು? ಒಂದು ದಿನ ಕರೆಂಟು ತೆಗೆದು ಎಲ್ಲರಿಗೂ ರೂಢಿ ಮಾಡಿಸೋಣ ಎಂದು ದೀಪಿಕಾ ಮ್ಯಾನೇಜರ್ ರುದ್ರಮುನಿಯವರಲ್ಲಿ ಎಷ್ಟು ಸಲ ಕೇಳಿರಲಿಲ್ಲ! "ಜನರೇಟರ್ ಐತಲ್ಲವ್ವಾ. ಮಂದಿ ಮುಂದ ಇಂಥಾ ಆಟ ಆಡಿದ್ರ ನಾಳೆ ಇಲ್ಲಿಗೆ ಯಾರು ಬರ್ತಾರ?" ಎಂದು ಅವರು ನಕ್ಕಿದ್ದರು.

ಎರಡು ಮಂಚಗಳ ನಡುವೆ ನಿಂತ ದೀಪಿಕಾ ಅತ್ತ ಇತ್ತ ನೋಡಿದಳು; ಅವಳೊಬ್ಬಳಿಂದ ಒಂದು ಸಲಕ್ಕೆ ಒಂದೇ ಪಂಪನ್ನು ತಿರುಗಿಸಲಾಗುತ್ತಿತ್ತು.

"ಆ ಹುಡುಗೀದು ಮೊದ್ಲ ನೋಡವ್ವಾ," ಲಕ್ಷ್ಮಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ.

ಹೆಂಡತಿ ಹೊಳಿಯವ್ವ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಮ್ನಿರ್ರಿ! ಮೈಯಾಗ ರಕ್ತಾನ ಇಲ್ಲಂತ ಮೊನ್ನೆ ಡಾಕ್ಟರ್ ಹೇಳ್ಯಾರ. ಯವ್ವಾ ದೀಪಿಕಾ, ಇವರ್ದ ಮೊದ್ಲ ಮಾಡ, ನಿನ್ನ ಕಾಲಿಗೆ ಬೀಳ್ತೀನಿ."

ಗಂಗಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ದೀಪಿಕಾ ಅವಳ ಯಂತ್ರಕ್ಕೇ ಕೈ ಹಾಕಿದಳು. ಅವಸರ ಮಾಡುವಂತಿರಲಿಲ್ಲ, ಗಾಳಿಯ ಗುಳ್ಳೆ ಒಳಗೆ ಹೋದರೆ ಜೀವಕ್ಕೇ ಸಂಚಕಾರ. ಹೊಳಿಯವ್ವನ ಕಡೆ ಮಾತ್ರ ಅವಳು ಕತ್ತೆತ್ತಿ ನೋಡಲಿಲ್ಲ.

ಅದನ್ನು ಮುಗಿಸಿ ಈಚೆ ಓಡಿ ಬಂದಾಗ ಲಕ್ಷ್ಮಪ್ಪನ ಕೊಳವೆಯಲ್ಲಿ ಕಪ್ಪು ಗಡ್ಡೆಗಳು ಕಂಡವು. ಇನ್ನು ಆ ರಕ್ತವನ್ನು ಮೈಗೆ ಬಿಡುವಂತಿರಲಿಲ್ಲ.

"ಅಷ್ಟೂ ಹೋತೇನವ್ವಾ?" ಎಂದ ಲಕ್ಷ್ಮಪ್ಪ.

ದೀಪಿಕಾ ಹೌದೆಂದು ತಲೆಯಾಡಿಸಿದಳು. ಹೊಳಿಯವ್ವ ಗಂಡನ ತಣ್ಣಗಾಗುತ್ತಿದ್ದ ಪಾದಗಳನ್ನು ಸೆರಗಿನಿಂದ ಮುಚ್ಚಿ, ಅವುಗಳ ಮೇಲೆ ಕೈಯಿಟ್ಟು ಕೂತಳು.

ಆಮೇಲೆ ಕರೆಂಟು ಬಂತು. ಅದರ ಹಿಂದೆಯೇ ರುದ್ರಮುನಿಯವರ ಫೋನು. "ಏನೂ ತ್ರಾಸ ಆಗಲಿಲ್ಲಲ್ಲವ್ವಾ?"

ದೀಪಿಕಾ ಆಗ ಲಕ್ಷ್ಮಪ್ಪನ ರಕ್ತ ತುಂಬಿದ್ದ ಕೊಳವೆಗಳನ್ನು ಸುತ್ತಿ ಕಸದ ಹಳದಿ ಚೀಲಕ್ಕೆ ಹಾಕುತ್ತಿದ್ದಳು. ಅವು ಇನ್ನೂ ಬೆಚ್ಚಗಿದ್ದವು.