ಉಲ್ಟಾ ಬೀಗ

ಕೊನೆಯ ಸ್ಕ್ರೂ ಬಿಗಿಯಾದದ್ದೇ ತಡ, ಟೈಲರಮ್ಮ ಒಳಗಿನಿಂದ ಬಾಗಿಲನ್ನು ರಪ್ಪನೆ ದಬ್ಬಿ ಮುಚ್ಚಿದಳು. ಹೊಸ ಬೀಗ ಟಕ್ ಎಂದು ಬಿತ್ತು. ಇನ್ನು ತಮ್ಮ ತನ್ನ ಹಳೇ ಕೀ ಹಿಡಿದು ಬರಲಿ, ನೋಡೇಬಿಡೋಣ! ಮೊನ್ನೆ ಅವಳು ಅಂಗಡಿಯಲ್ಲಿದ್ದಾಗ ಹೇಳದೆ ಕೇಳದೆ ಒಳಗೆ ಬಂದು, ತೀರಿಹೋದ ಅವಳ ಗಂಡನ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟಿದ್ದ. ಒಂದೊಂದೂ ಅವಳೇ ಹೊಲಿದದ್ದು. "ಅದನ್ನೇ ನೋಡ್ಕೊಂಡು ಇನ್ನೆಷ್ಟು ದಿನ ಅಳ್ತೀಯಾ?" ಅಂದಿದ್ದ, ದೊಡ್ಡ ಉಪಕಾರ ಮಾಡಿದವನ ಹಾಗೆ.

ನಿಂತಲ್ಲಿ ನಿಲ್ಲಲಾಗಲಿಲ್ಲ. ಹೊಲಿಗೆ ಯಂತ್ರದವರೆಗೆ ಹೋದಳು, ತಿರುಗಿ ಬಂದಳು, ಬೀಗ ಮುಟ್ಟಿ ನೋಡಿದಳು. ಕೀ ಹಾಕುವ ತೂತು ಅವಳನ್ನೇ ದಿಟ್ಟಿಸುತ್ತಿತ್ತು. ಅಂದರೆ, ಕೀ ಇಲ್ಲದೆಯೇ ತಿರುಗಿಸಿ ತೆಗೆಯುವ ಗುಂಡಿ ಬಾಗಿಲಾಚೆ ಇದೆ! ಇಷ್ಟು ವರ್ಷ ಬಟ್ಟೆಯ ಒಳಮೈ ಮೇಲೆ ಮಾಡಿಕೊಂಡು ಹೊಲಿದ ಕೈ, ಬೀಗವನ್ನೂ ಹಾಗೇ ಕೂರಿಸಿತ್ತು.

ಅಷ್ಟರಲ್ಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಕೀ ಗೊಂಚಲಿನ ಝಣಝಣ ಬಾಗಿಲ ಬಳಿ ಬಂದು ಗಕ್ಕನೆ ನಿಂತಿತು. ಅವಳು ಎರಡೂ ಕೈಯಿಂದ ಬಾಗಿಲನ್ನು ಒತ್ತಿಹಿಡಿದಳು.

"ಅಕ್ಕಾ, ಬೀಗಾನೂ ಉಲ್ಟಾ ಮಾಡಿ ಹೊಲಿದುಬಿಟ್ಟಿದೀಯಲ್ಲ!" ತಮ್ಮನ ನಗು. ಬೀಗ ಅರ್ಧ ತಿರುಗಿದ ಸದ್ದಾಯಿತು. ಅಲ್ಲಿಗೇ ನಿಂತಿತು. ನಗುವೂ ನಿಂತಿತು. ಈ ಹೊಸ ಬೀಗ ಯಾರಿಗಾಗಿ ಎಂದು ಅವನಿಗೆ ಆಗ ಹೊಳೆದಿರಬೇಕು. ಗುಂಡಿ ಮೆಲ್ಲಗೆ ಮೊದಲಿದ್ದಲ್ಲಿಗೇ ಮರಳಿದ್ದು ಅವಳ ಅಂಗೈಗೆ ತಿಳಿಯಿತು.

"ಅಕ್ಕಾ," ಎಂದ, ಹೊರಗೇ ನಿಂತು. "ಒಳಗೆ ಬರ್ಲಾ?"