ಬಾಲ್ ಬಂದರೆ ಸಾಕು, "ಕಳ್ಳ" ಎನ್ನುತ್ತಿದ್ದರು!

ಹುಬ್ಬಳ್ಳಿಯ ರೈಲ್ವೆ ಮೈದಾನದಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಬೆಳೆದ ಹುಡುಗ ಆರೂಢ. ವಯಸ್ಸು ಹತ್ತೊಂಬತ್ತು.

ಬ್ರೆಜಿಲ್‌ನ ಪುಟ್ಟ ಊರಿನ ಕ್ಲಬ್ಬೊಂದು ಅವನನ್ನು ಮಿಡ್‌ಫೀಲ್ಡರ್ ಆಗಿ ಕರೆಸಿಕೊಂಡಿತ್ತು. ಬದುಕಿನ ಮೊದಲ ಕಾಂಟ್ರಾಕ್ಟ್... ಅದೂ ಬರೀ ಮೂರು ತಿಂಗಳಿಗೆ.

ಭಾಷೆ ಬಾರದು, ಊಟ ಸೇರದು. ಅದನ್ನೆಲ್ಲ ಹೇಗೋ ತಡೆದುಕೊಂಡ... ತಡೆಯಲಾಗದ್ದು ಒಂದೇ ಒಂದು ಪದ.

ಅವನ ಕಾಲಿಗೆ ಬಾಲ್ ಬಂದರೆ ಸಾಕು, ಟೀಮಿನವರೆಲ್ಲ ಕೂಗುತ್ತಿದ್ದರು... "ಲದ್ರಾಂವ್! ಲದ್ರಾಂವ್!"

ಮೊಬೈಲ್‌ನಲ್ಲಿ ಅರ್ಥ ಹುಡುಕಿದ.

ಲದ್ರಾಂವ್ ಅಂದರೆ... ಕಳ್ಳ!

ಏನು ಕದ್ದೆ ಎಂದು ಯೋಚಿಸಬೇಕಾಗಿರಲಿಲ್ಲ. ಅವನು ತೊಟ್ಟ ಎಂಟನೇ ನಂಬರಿನ ಜೆರ್ಸಿ ಆ ಊರಿನದೇ ಹುಡುಗ ಕಾಯೋ ಎಂಬವನದು. ಮಂಡಿಗೆ ಪೆಟ್ಟು ಬಿದ್ದು ಕಾಯೋ ಈಗ ಮೈದಾನದ ಬೇಲಿಯಾಚೆ ಕೂರುತ್ತಿದ್ದ.

ಎಲ್ಲರಿಗಿಂತ ಜೋರಾಗಿ "ಲದ್ರಾಂವ್" ಎಂದು ಕಿರುಚುವವನೂ ಅವನೇ...

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರೆ. ಪಾಪ, ಕದಿಯದ ಈ ಹುಡುಗನ ಮನಸ್ಸೂ ಹುಳ್ಳಹುಳ್ಳಗಾಯಿತು.

ಕೂಗು ಕೇಳಿದೊಡನೆ ತಲೆ ತಗ್ಗಿಸಿ ನಿಂತುಬಿಡುತ್ತಿದ್ದ... ಅಷ್ಟರಲ್ಲಿ ಎದುರಾಳಿ ಬಾಲ್ ಎಗರಿಸಿಕೊಂಡು ಹೋಗಿರುತ್ತಿದ್ದ.

"ಶನಿವಾರದ ಮ್ಯಾಚೇ ನಿನಗೆ ಕೊನೇ ಚಾನ್ಸ್" ಎಂದುಬಿಟ್ಟರು ಕೋಚ್.

ಅವತ್ತು ಹುಬ್ಬಳ್ಳಿಗೆ ಫೋನ್ ಮಾಡಿದ. "ಯವ್ವಾ, ನಂಗ ಇಲ್ಲಿ ಭಾಳ ಅಂಜಿಕಿ ಆಗಾಕತ್ತೈತಿ... ಇವ್ರು ನಂಗ ಕಳ್ಳ ಅಂತಾರ."

ಅವ್ವ ಕೇಳಿದಳು... "ಯಾಕ ಹಂಗ ಅಂತಾರಂತ ಕೇಳೀಯೇನ್ ಮಗನ?"

"ಕೇಳಾಕ ಅಂಜಿಕಿ ಯವ್ವಾ..."

"ಕೇಳಿದ್ರ ಯಾರ್ ನುಂಗತಾರ? ಮೊದ್ಲ ಕೇಳು. ಆಮ್ಯಾಲ ಬೇಕಾದ್ರ ಬಂದ್ಬಿಡು."

ಶನಿವಾರ ಬೆಳಿಗ್ಗೆ ಆರೂಢ ಜೆರ್ಸಿ ಮಡಚಿಕೊಂಡು, ಟೀಮಿನ ಬಟ್ಟೆ ಒಗೆಯುವ ಮುದುಕಿ ಝೆಲಿಯಾ ಹತ್ತಿರ ಹೋದ. ಕಲಿತಿದ್ದ ನಾಲ್ಕು ಪದಗಳನ್ನು ಜೋಡಿಸಿ ಕೇಳಿದ... "ನಾನು ಲದ್ರಾಂವ್ ಅಲ್ಲ. ಯಾಕೆ ಹಾಗಂತಾರೆ?"

ಮುದುಕಿ ಕಣ್ಣರಳಿಸಿದಳು. ಎರಡು ಸಾಕ್ಸ್ ಸುತ್ತಿ ಉಂಡೆ ಮಾಡಿ ಅವನ ಕಾಲ ಬಳಿ ಇಟ್ಟಳು.

ಆಮೇಲೆ ಕಳ್ಳಹೆಜ್ಜೆ ಇಡುತ್ತಾ ಅವನ ಬೆನ್ನ ಹಿಂದಿನಿಂದ ಬಂದು, ಆ ಉಂಡೆಯನ್ನು ಒದ್ದು, ತನ್ನ ಎದೆ ಮುಟ್ಟಿಕೊಂಡು ಹೇಳಿದಳು... "ಲದ್ರಾಂವ್!"

ಆರೂಢನಿಗೆ ತಟ್ಟನೆ ಹೊಳೆಯಿತು.

ಕಳ್ಳ ಅವನಲ್ಲ! ಬಾಲ್ ಕದಿಯಲು ಹಿಂದಿನಿಂದ ಬರುವ ಎದುರಾಳಿಯೇ ಕಳ್ಳ. "ಹುಷಾರು, ಹಿಂದೆ ಬಂದ" ಎಂದು ಅವರು ದಿನಾ ಎಚ್ಚರಿಸುತ್ತಿದ್ದರು...

ಬೇರೆಯವರಿಗೂ ಹಾಗೇ ಕೂಗುತ್ತಿದ್ದರು. ಹೆದರಿದ ಕಿವಿಗೆ ಕೇಳಿಸಿದ್ದು ತನಗೆ ಕೂಗಿದ್ದೊಂದೇ.

ಸಂಜೆ ಮ್ಯಾಚ್. ಭಯ ಹೋಗಿರಲಿಲ್ಲ. ಬಾಲ್ ಬಂತು... ಬೇಲಿಯಾಚೆಯಿಂದ ಅದೇ ದನಿ, "ಲದ್ರಾಂವ್!"

ಹಿಂದೆ ನೋಡದೆಯೇ ಬಾಲ್ ಸಮೇತ ಗಿರ್ರನೆ ತಿರುಗಿದ. ಎದುರಾಳಿ ಖಾಲಿ ನೆಲ ಒದ್ದು ಮುಗ್ಗರಿಸಿದ!

ಮ್ಯಾಚ್ ಮುಗಿದ ಮೇಲೆ ಕೋಚ್ ಹೇಳಿದ್ದು ಇಷ್ಟೇ. "ಸೋಮವಾರ ಪ್ರಾಕ್ಟೀಸ್‌ಗೆ ಲೇಟ್ ಮಾಡಬೇಡ."

ಆರೂಢ ಓಡಿದ್ದು ಬೇಲಿಯ ಹತ್ತಿರ. ಕಾಯೋನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಕಾಯೋಗೆ ಏನೂ ಅರ್ಥವಾಗಲಿಲ್ಲ, ಸುಮ್ಮನೆ ಬೆನ್ನು ತಟ್ಟಿದ.

ಫೋನ್‌ನಲ್ಲಿ ಎಲ್ಲ ಕೇಳಿ ಅವ್ವ ಅಂದಳು... "ಏನಂದಿ ಆ ಹುಡುಗನ ಹೆಸ್ರು? ಕಾಯೋ? ನಾವು ದೇವ್ರ ಮುಂದ ನಿಂತು 'ಕಾಯೋ' ಅಂತೀವಿ... ಅಂವ ಖರೇನ ಕಾದಾನ ನೋಡ್ ಮಗನ!"

*ಬೈಗುಳ ಎಂದು ನಾವು ಹೆದರಿದ ಎಷ್ಟೋ ಕೂಗುಗಳು ನಮ್ಮ ಬೆನ್ನು ಕಾಯುವವರದೇ ಆಗಿರುತ್ತವೆ.*

ನೀವು ಯಾರ ಮಾತಿಗೆ ನೊಂದು ದೂರ ಸರಿದಿದ್ದೀರಿ... "ಯಾಕೆ ಹಾಗಂದೆ?" ಎಂದು ಒಮ್ಮೆಯಾದರೂ ಕೇಳಿದ್ದೀರಾ?