ಮುಂದಿನ ಪ್ರಶ್ನೆ

ಹಳೆಯ ರೆಕಾರ್ಡುಗಳಲ್ಲಿ ಹಾಡಿದವರು ಯಾರೆಂದು ಕೇಳುಗರೇ ಗುರುತಿಸುವ ವೆಬ್‌ಸೈಟನ್ನು ಅವನು ರೂಪಿಸಿದ್ದ. ಹೆಚ್ಚು ಜನ ಬರೆದ ಹೆಸರೇ ಅಲ್ಲಿ ಸರಿಯುತ್ತರ. ದಿನವಿಡೀ ದೂರು ಕೇಳಿ ಸಾಕಾಗಿ ಕೂತಿದ್ದಾಗ ಧಾರವಾಡದಿಂದ ವಯಸ್ಸಾದ ಹೆಂಗಸೊಬ್ಬರು ಫೋನ್ ಮಾಡಿದರು.

“ಸರ, ಲೇಬಲ್ ಹರಿದ ರೆಕಾರ್ಡಿನ ಆ ಠುಮ್ರಿಗೆ ನನ್ನ ಉತ್ತರ ತಗೊಳ್ಳವಲ್ದು.”

“ಎಲ್ಲರೂ ಅದು ಆ ದೊಡ್ಡ ಗಾಯಕಿಯ ದನಿ ಅಂದಿದ್ದಾರೆ. ನೀವೊಬ್ಬರೇ ಬೇರೆ ಹೆಸರು ಬರೀತಿದ್ದೀರಿ.”

“ಅದು ನನ್ನ ಹೆಸರರಿ. ಹಾಡಿದಾಕಿ ನಾನ.”

ಅವನು ಹಣೆ ಒತ್ತಿಕೊಂಡ. “ಸಾಕ್ಷಿ ಹೇಳೋರು ಯಾರಾದರೂ ಇದ್ದಾರಾ ಅಮ್ಮ?”

“ತಬಲಾ ನುಡಿಸಿದಾಂವ ಒಬ್ಬನ ಇದ್ದ. ಅಂವಾ ಹೋಗಿ ಭಾಳ ವರ್ಷ ಆತು. ಆಗ ತಬಲಾದವರ ಹೆಸರು ರೆಕಾರ್ಡಿನ ಮ್ಯಾಲೆ ಹಾಕ್ತಿರಲಿಲ್ಲ.”

“ಹಾಗಾದರೆ ಕಷ್ಟ ಅಮ್ಮ. ನಿಮ್ಮ ಉತ್ತರ ಉಳಿದವರದಕ್ಕೆ ಹೊಂದಿದರೆ ಮಾತ್ರ ಮುಂದಿನ ಪ್ರಶ್ನೆ ತೆರೆಯುತ್ತೆ.”

“ಮುಂದಿನ ಪ್ರಶ್ನೆ ಏನೈತಿ?”

“ಪಕ್ಕವಾದ್ಯದಲ್ಲಿ ಯಾರಿದ್ದರು ಅಂತ. ಅದನ್ನ ಇನ್ನೂ ಯಾರೂ ತುಂಬಿಲ್ಲ.”



“ಆತು ಬಿಡ್ರಿ,” ಎಂದು ಅವರು ಫೋನಿಟ್ಟರು.

ತುಸು ಹೊತ್ತಿಗೆ ಅವನ ಪರದೆಯ ಮೇಲೆ ಅವರ ಉತ್ತರ ಮೂಡಿತು: ಗಾಯಕಿಯ ಜಾಗದಲ್ಲಿ ಎಲ್ಲರೂ ಬರೆದ ಅದೇ ದೊಡ್ಡ ಹೆಸರು, ಅದರ ಕೆಳಗೆ, ‘ತಬಲಾ: ಹುಸೇನಸಾಬ ನದಾಫ.’